ಗಾಲಿ ಮಂಚದ ದೊರೆ

ಲಕ್ವಾ ಹೊಡೆದ ಮೇಲೆ ದೊರೆಗೆ ಮಾತು ಬಿದ್ದುಹೋಯಿತು. ದೊರೆ ಎಂದರೆ ನಿಜವಾದ ದೊರೆಯಲ್ಲ; ಹಳೆಯ ಸಂಗೀತ ನಾಟಕವೊಂದರಲ್ಲಿ ರಾಜ್ಯ ಕಳೆದುಕೊಂಡ ಅರಸನ ಪಾತ್ರ ಮಾಡಿ ಮಾಡಿ ಆ ಹೆಸರು ಮೈಗೆ ಅಂಟಿಕೊಂಡಿತ್ತು. ಅವರ ಹೆಂಡತಿಯೇ ತಂಡದ ನಿರ್ದೇಶಕಿ. ತಂಡದವರಿಗೆಲ್ಲ ಅವಳು ಅಕ್ಕ.

ಬಾಯಿ ತೆರೆದರೆ ‘ಅ… ಅ…’ ಅನ್ನುವುದು ಬಿಟ್ಟು ದೊರೆಗೆ ಬೇರೇನೂ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಅವರ ಗಡ್ಡ ಹೆರೆಯುತ್ತ ನಾಟಕದ ಹಾಡೊಂದನ್ನು ಗುನುಗಿದಳು. ಅವಳು ಸಾಲು ಮರೆತು ನಿಂತ ಕಡೆಯಿಂದ ದೊರೆ ಎತ್ತಿಕೊಂಡರು. ಒಂದಕ್ಷರ ತಪ್ಪಲಿಲ್ಲ, ಶ್ರುತಿ ಜಾರಲಿಲ್ಲ. ಅಕ್ಕನ ಕೈಯಲ್ಲಿದ್ದ ರೇಜರ್ ಬೇಸಿನ್ನಿಗೆ ಬಿತ್ತು.

“ಮಾತಿನ ಜಾಗ ಬೇರೆ, ಹಾಡಿನ ಜಾಗ ಬೇರೆ,” ಎಂದರು ಡಾಕ್ಟರು. “ಹಾಡು ಉಳ್ಕೊಂಡಿದೆ. ಆದ್ರೆ ನೆನಪಿರ್ಲಿ ತಾಯಿ, ಅವ್ರಿಗೆ ಎಲ್ಲಾ ಅರ್ಥ ಆಗುತ್ತೆ.”

ಅಂದಿನಿಂದ ಆ ಮನೆಯಲ್ಲಿ ಹಾಡೇ ಮಾತಾಯಿತು. ‘ಬಾಗಿಲ ತೆರೆಯಿರಿ ಕಾವಲಿನವರೇ’ ಎಂದರೆ ಬಚ್ಚಲಿಗೆ ಹೋಗಬೇಕು. ‘ಬೆಂದ ಮರಳಲಿ ಹನಿಯ ಕಾಣೆನು’ ಎಂದರೆ ನೀರು ಬೇಕು. ಮಾತ್ರೆ ನುಂಗಿಸಲು ಹೋದರೆ ಸೇನಾಪತಿಯನ್ನು ಗಡೀಪಾರು ಮಾಡುವ ಹಾಡು. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ದೊರೆಯೂ ಅರ್ಧ ಮುಖದಲ್ಲಿ ನಗುತ್ತಿದ್ದರು.

ಹಾಗೆ ನಗುತ್ತಲೇ ಅವಳಿಗೆ ಆ ಯೋಚನೆ ಹೊಳೆದದ್ದು. ಅರಮನೆಯನ್ನೇ ತೆಗೆದುಹಾಕಿದರೆ? ಇಡೀ ನಾಟಕ ಆಸ್ಪತ್ರೆಯ ವಾರ್ಡಿನಲ್ಲೇ ನಡೆದರೆ? ಸಿಂಹಾಸನದ ಜಾಗದಲ್ಲಿ ಗಾಲಿ ಮಂಚ, ಕಾವಲಿನವರು ನರ್ಸುಗಳು, ವನವಾಸವೆಂದರೆ ಟ್ಯೂಬ್‌ಲೈಟಿನ ಉದ್ದನೆಯ ಕಾರಿಡಾರು. ಕಳೆದುಹೋದ ರಾಜ್ಯವೆಂದರೆ ಅರಸನ ಸ್ವಂತ ಮೈ. ಹಾಡುಗಳ ಒಂದಕ್ಷರವನ್ನೂ ಮುಟ್ಟುವುದು ಬೇಡ. ಮಂಚದ ಮೇಲೆ ದೊರೆಯೇ ಇರಲಿ.

ಥಿಯೇಟರಿನ ಯಜಮಾನ ಮೊದಲು ಕಣ್ಣು ಕಣ್ಣು ಬಿಟ್ಟ. “ಇದೇನಕ್ಕಾ, ಕಿರೀಟ ಇರೋ ಕಡೆ ಗ್ಲೂಕೋಸ್ ಬಾಟ್ಲಿ!” ಆಮೇಲೆ, ಹೊಸದು ಅಂದರೆ ಜನ ಬರುತ್ತಾರೆ ಎಂದು ಒಪ್ಪಿದ.

ಒಪ್ಪದವಳು ನಾದಿನಿ, ದೊರೆಯ ತಂಗಿ. “ಅತ್ತಿಗೆ, ಅಣ್ಣನ್ನ ಮಂದಿ ಮುಂದೆ ಮಲಗಿಸಿ ತೋರಿಸ್ತೀರಾ? ಅವನನ್ನ ಒಂದ್ಮಾತು ಕೇಳಿದ್ರಾ?”

“ನಿನ್ನೆದುರಿಗೇ ಕೇಳ್ತೀನಿ,” ಎಂದ ಅಕ್ಕ ಗಂಡನ ಮುಂದೆ ಮೊಣಕಾಲೂರಿದಳು. “ಏನ್ರೀ, ಮಾಡೋಣ್ವಾ?”

ದೊರೆ ಬಹಳ ಹೊತ್ತು ಅವಳನ್ನೇ ನೋಡಿ ಮದುವೆಯ ದೃಶ್ಯದ ಸಾಲು ಹಾಡಿದರು: ‘ಒಪ್ಪಿದೆನು, ನಿನಗೆ ಒಪ್ಪಿದೆನು.’

ಅಕ್ಕ ಗೆದ್ದವಳಂತೆ ನಾದಿನಿಯ ಕಡೆ ತಿರುಗಿದಳು. ರಾಣಿಗೆ ‘ಒಲ್ಲೆ’ ಎನ್ನಲು ಆ ನಾಟಕದಲ್ಲಿ ಹಾಡೇ ಇರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ.

ತಾಲೀಮಿನಲ್ಲಿ ಎಲ್ಲರೂ ಅತ್ತರು. ಪಿಟೀಲಿನವನು ಕಮಾನು ಕೆಳಗಿಟ್ಟು ಮೂಗು ಒರೆಸಿಕೊಂಡ. ದೊರೆಗೆ ನಿಜವಾಗಿ ಕಾಯಿಲೆಯೆಂದು ಮೊದಲೇ ಹೇಳಿಬಿಡೋಣ ಎಂದು ಯಜಮಾನ ಅಂದಾಗ ಅಕ್ಕ ಸಿಡಿದಳು: “ಅಯ್ಯೋ ಪಾಪ ಅನ್ನೋ ಚಪ್ಪಾಳೆ ನನ್ನ ಗಂಡನಿಗೆ ಬೇಡ. ಅವ್ರು ನಟರು.”

ಮೊದಲ ಪ್ರದರ್ಶನಕ್ಕೆ ಥಿಯೇಟರ್ ತುಂಬಿತ್ತು. ಬಹುಪಾಲು ಹೊಸ ಮುಖಗಳು. ದೊರೆ ಯಾರೆಂದೇ ಅವರಿಗೆ ಗೊತ್ತಿಲ್ಲ. ಪರದೆ ಸರಿಯಿತು. ನರ್ಸು ಪಾತ್ರದವಳು ಬೆಡ್‌ಪ್ಯಾನ್ ಹಿಡಿದು ಬಂದಳು. ದೊರೆ ಎಡಗೈ ಎತ್ತಿ ಗಂಭೀರವಾಗಿ ಹಾಡಿದರು: ‘ಬಾಗಿಲ ತೆರೆಯಿರಿ ಕಾವಲಿನವರೇ…’

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗು ಸಾಲಿನಿಂದ ಸಾಲಿಗೆ ಹತ್ತಿಕೊಂಡು ಇಡೀ ಸಭೆ ಬಿದ್ದು ಬಿದ್ದು ನಗತೊಡಗಿತು. ಕೆಟ್ಟ ಜನರೇನಲ್ಲ. ತಮಾಷೆಯ ನಾಟಕ ಎಂದುಕೊಂಡಿದ್ದರು, ಅಷ್ಟೆ. ದೊರೆಯ ಸೊಟ್ಟ ಬಾಯಿಯನ್ನು ನಟನೆಯೆಂದೇ ನಂಬಿ, ಎಂಥ ಕಲಾವಿದನಪ್ಪಾ ಎಂದು ಮೆಚ್ಚಿ ನಗುತ್ತಿದ್ದರು.

ದೊರೆ ನಿಲ್ಲಿಸಲಿಲ್ಲ. ಹಾಡಿನ ಮೇಲೆ ಹಾಡು ಹಾಡಿದರು, ಪ್ರತಿ ಹಾಡಿಗೂ ನಗು ಬಿತ್ತು. ರಾಣಿಯನ್ನು ಅಗಲುವ ಹಾಡಿನಲ್ಲಿ ಅವರ ಬಾಯಿಯ ಅಂಚಿನಿಂದ ಜೊಲ್ಲು ಇಳಿದಾಗ ಜನ ಚಪ್ಪಾಳೆ ತಟ್ಟಿದರು. ಆಗ ಅವರು ಕತ್ತು ತಿರುಗಿಸಿ ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ಅಕ್ಕನನ್ನು ನೋಡಿದರು. ಅವಳಿಗೆ ಕಾಲು ಕೀಳಲಾಗಲಿಲ್ಲ. ಪರದೆ ಎಳೆಯಿರಿ ಎಂದು ಕೂಗಬಹುದಿತ್ತು. ಇನ್ನೇನು ಮುಂದಿನ ಹಾಡಿಗೆ ಜನ ಸುಮ್ಮನಾಗುತ್ತಾರೆ, ಇನ್ನೇನು ಅಳುತ್ತಾರೆ ಎಂದು ಕಾಯುತ್ತಲೇ ಇದ್ದಳು. ನಾಟಕ ಮುಗಿಯಿತು.

ಮನೆಗೆ ಬಂದ ದೊರೆ ಹಾಡಲಿಲ್ಲ. ಮರುದಿನವೂ ಇಲ್ಲ. ಬಾಯಾರಿದರೂ ಇಲ್ಲ, ಹಾಸಿಗೆ ಒದ್ದೆಯಾದರೂ ಇಲ್ಲ. ಅಕ್ಕ ಅವರ ಕಿವಿಯ ಹತ್ತಿರ ಸಾಲು ಹಿಡಿದು, ನಡುವೆ ಬಿಟ್ಟು ಕಾದಳು. ಅವರು ತುಟಿ ಬಿಗಿದು ಗೋಡೆ ಕಡೆ ತಿರುಗಿದರು.

“ಹಾಡು ಹೋಗಿಬಿಡ್ತಾ ಡಾಕ್ಟ್ರೇ?”

“ಹೋಗಿಲ್ಲಮ್ಮ,” ಎಂದರು ಡಾಕ್ಟರು. “ಅವರಿಗೆ ಹಾಡೋಕೆ ಇಷ್ಟ ಇಲ್ಲ.”

ಅತ್ತ ನಾಟಕ ಗೆದ್ದಿತ್ತು. ಪತ್ರಿಕೆಗಳು ಹೊಗಳಿದವು. ಯಜಮಾನ ಬೇರೊಬ್ಬ ನಟನನ್ನು ಮಂಚದ ಮೇಲೆ ಮಲಗಿಸಿ ಬಾಯಿ ಸೊಟ್ಟ ಮಾಡಲು ಕಲಿಸಿದ್ದ. ನಿಲ್ಲಿಸಿ ಎಂದು ಅಕ್ಕ ಅಂಗಲಾಚಿದಳು.

“ಕಟ್ಟಿದ್ದು ನೀವು, ನಿಜ ಅಕ್ಕಾ. ಆದ್ರೆ ಈಗ ಅದು ಓಡ್ತಾ ಇದೆಯಲ್ಲ,” ಎಂದ ಅವನು. ದನಿಯಲ್ಲಿ ಕೆಡುಕಿರಲಿಲ್ಲ. “ನಾನೇನು ಮಾಡ್ಲಿ?”

ಒಂದು ಮಧ್ಯಾಹ್ನ ನಾದಿನಿ ಕಾರು ತಂದಳು. “ಅತ್ತಿಗೆ, ಅಣ್ಣನ್ನ ಕರ್ಕೊಂಡು ಹೋಗ್ತೀನಿ. ಜಗಳ ಬೇಡ.”

ಅಕ್ಕ ಜಗಳವಾಡಲಿಲ್ಲ. “ಏನ್ರೀ, ಹೋಗ್ತೀರಾ? ಇಲ್ಲೇ ಇರ್ತೀರಾ?” ಎಂದಷ್ಟೇ ಕೇಳಿದಳು.

ದೊರೆ ಎಡಗೈಯನ್ನು ತಂಗಿಯ ಹೆಗಲ ಮೇಲಿಟ್ಟರು.

ಅವರ ಚಪ್ಪಲಿ ತೊಡಿಸಿದವಳು ಅಕ್ಕನೇ. ಕಾರಿನ ಸೀಟಿನಲ್ಲಿ ಬೆನ್ನಿಗೆ ದಿಂಬು ಕೊಟ್ಟಳು, ಶರ್ಟಿನ ಗುಂಡಿ ಸರಿ ಮಾಡಿದಳು. ಮಲಗುವಾಗ ಬಲಗೈ ಮೈಯಡಿ ಸಿಕ್ಕಿಕೊಳ್ಳದಂತೆ ನೋಡಿಕೋ ಎಂದು ನಾದಿನಿಗೆ ಹೇಳಿದಳು. ದೊರೆ ಮುಂದಿನ ಗಾಜನ್ನೇ ನೋಡುತ್ತಿದ್ದರು. ಕಾರು ಹೊರಟಿತು.

ಅಕ್ಕ ಒಳಗೆ ಹೋಗಿ ಹಾಸಿಗೆಯ ಬಟ್ಟೆಗಳನ್ನೆಲ್ಲ ಕಿತ್ತು ಒಗೆದು ಹಿತ್ತಲ ತಂತಿಗೆ ಹರವುತ್ತಿದ್ದಳು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿದಳು.

“ಯಜಮಾನ್ರು ತಂಗಿ ಮನೆಗೆ ಹೊರಟ್ರಾ? ಒಳ್ಳೇದಾಯ್ತು ಬಿಡಿ, ನಿಮಗೂ ಸ್ವಲ್ಪ ಬಿಡುವು. ಯಾವಾಗ ಬರ್ತಾರೆ?”

“ಬರಲ್ಲ,” ಎಂದ ಅಕ್ಕ ದಿಂಬಿನ ಕವರು ಹಿಂಡತೊಡಗಿದಳು. ಅದರಲ್ಲಿ ನೀರೆಲ್ಲ ಬಸಿದುಹೋಗಿ ಬಹಳ ಹೊತ್ತಾದರೂ ಹಿಂಡುತ್ತಲೇ ಇದ್ದಳು.