ಒಂದು ಗಂಟು ನೀಲಿ, ಎರಡು ಗಂಟು ಹಸಿರು

ಬಣ್ಣದ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಒಡವೆ ಅಂಗಡಿಯ ಕಿಟಕಿ ಪಕ್ಕದ ಮೇಜಿನ ಹಿಂದೆ ಮೂವತ್ತೊಂದು ವರ್ಷ ಕೂತು, ಬಂದವರ ಮೈಬಣ್ಣ, ಬಟ್ಟೆಯ ಬಣ್ಣ ನೋಡಿ ಕಲ್ಲು ಆರಿಸಿಕೊಟ್ಟವರು, ಅಷ್ಟೆ. "ಈ ಕೆಂಪು ನಿಮ್ಮ ಕೈಮೇಲೆ ಮಂಕಾಗುತ್ತೆ, ಬೇಡ" ಎಂದು ಅವರು ಹೇಳಿದರೆ ಯಜಮಾನರೂ ಎದುರಾಡುತ್ತಿರಲಿಲ್ಲ. ಆ ಬಿಗುಮಾನ ಕನ್ನಡಕದ ಜೊತೆ ಅವರ ಮೂಗಿನ ಮೇಲೇ ಕೂತಿರುತ್ತಿತ್ತು.

ಇಂಥವರಿಗೆ ಕಣ್ಣೇ ಕೈಕೊಟ್ಟಿತು. ಮೂರು ವರ್ಷದ ಹಿಂದೆ ನೀಲಿಯೂ ಹಸಿರೂ ಸೇರಿ ಒಂದೇ ಬೂದಿಯಾಗಿ ಕಾಣತೊಡಗಿದವು. ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ, "ಪೊರೆಯಾಗಿದ್ರೆ ತೆಗೆದುಬಿಡಬಹುದಿತ್ತು. ಇದು ಹಿಂದಿನ ನರದ್ದು. ಹೋಗಿದ್ದು ಬರಲ್ಲ" ಎಂದರು. ಮೇಷ್ಟ್ರು ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ನೇರ ಅಂಗಡಿಗೆ ಬಂದರು. ಹೆಂಡತಿಯ ಮುಂದೂ ಬಾಯಿ ಬಿಡಲಿಲ್ಲ. ಹೇಳಿದರೆ ಮೇಜು ಹೋಗುತ್ತದೆ. ಮೇಜು ಹೋದರೆ ತಾನು ಯಾರು ಎಂಬುದೇ ಅವರಿಗೆ ಹೊಳೆಯುತ್ತಿರಲಿಲ್ಲ.

ಪಚ್ಚೆಯಾದರೆ ಒಳಗಿನ ಬಿರುಕು ನೋಡಿ ಹೇಳಿಬಿಡಬಹುದು. ಗೋಳು ಟೂರ್ಮಲಿನ್‌ನದು. ಅದೇ ಕಲ್ಲು ನೀಲಿಯಲ್ಲೂ ಬರುತ್ತದೆ, ಹಸಿರಲ್ಲೂ ಬರುತ್ತದೆ, ಅಂಗಡಿಯಲ್ಲಿ ಹೆಚ್ಚು ಹೋಗುವುದೂ ಅದೇ. ಅಲ್ಲಿ ಅವರನ್ನು ಕಾಪಾಡಿದವಳು ಗಂಟಕ್ಕ. ಒಳಕೋಣೆಯಲ್ಲಿ ಕೂತು ಸರಕ್ಕೆ ಮಣಿ ಪೋಣಿಸಿ, ಮಣಿ ಮಣಿಯ ನಡುವೆ ಗಂಟು ಹಾಕುವುದು ಅವಳ ಕೆಲಸ. ಕಲ್ಲಿನ ಪೊಟ್ಟಣಗಳನ್ನು ದಾರದಿಂದ ಕಟ್ಟಿಡುವುದೂ ಅವಳೇ. ಒಂದು ದಿನ ಮೇಷ್ಟ್ರು ಗಮನಿಸಿದರು: ನೀಲಿಯ ಪೊಟ್ಟಣಕ್ಕೆ ಒಂದು ಗಂಟು, ಹಸಿರಿನದಕ್ಕೆ ಎರಡು. ಕೈಗೆ ಬಂದ ಅಭ್ಯಾಸ ಇರಬೇಕು, ಪಾಪ, ಅವಳಿಗೇನು ಗೊತ್ತು ಎಂದುಕೊಂಡರು.

ಗಂಟಿನ ಲೆಕ್ಕ ಸರಿಯೇ ಎಂದು ಗಿರಾಕಿಗಳನ್ನು ಕೇಳಿ ಖಾತ್ರಿ ಮಾಡಿಕೊಂಡರು. "ನಿಮ್ಮ ಕಣ್ಣಿಗೆ ಇದು ಯಾವ ಬಣ್ಣ? ನಿಮ್ಮ ಬಾಯಲ್ಲೇ ಹೇಳಿ ನೋಡೋಣ." ಜನ ಹೊರಗೆ ಹೋಗಿ, ಮೇಷ್ಟ್ರು ಈಗೀಗ ಎಷ್ಟು ಸಾಧು ಆಗಿದ್ದಾರೆ ಎಂದು ಮಾತಾಡಿಕೊಂಡರು. ಸಾಧುವೂ ಇಲ್ಲ, ಮಣ್ಣೂ ಇಲ್ಲ. ಗಂಟು ಗೊತ್ತಾದ ಮೇಲೆ ಹಳೆಯ ಬಿಗುಮಾನ ವಾಪಸ್ಸು ಬಂತು.

"ಗಂಟಕ್ಕಾ, ಗಂಟು ಬಿಟ್ರೆ ನಿಂಗೆ ಬೇರೇನು ಬರುತ್ತೆ?" ಎಂದು ರೇಗಿಸುವರು.

"ಗಂಟುಮೋರೆ ಹಾಕೋಕೂ ಬರುತ್ತೆ. ನೋಡ್ತೀರಾ?" ಎಂದು ಅವಳು ಹುಬ್ಬು ಕೂಡಿಸಿ, ತುಟಿ ಬಿಗಿದು ತೋರಿಸುವಳು. ಒಳಕೋಣೆಯೆಲ್ಲ ನಗುತ್ತಿತ್ತು.

ಒಂದು ಸೋಮವಾರ ಗಂಟಕ್ಕ ಬರಲಿಲ್ಲ. ಬಚ್ಚಲಲ್ಲಿ ಬಿದ್ದಳಂತೆ, ಬಲಭಾಗಕ್ಕೆ ಲಕ್ವ ಹೊಡೆದಿದೆಯಂತೆ. ಅವಳ ಜಾಗಕ್ಕೆ ಹೊಸಬಳೊಬ್ಬಳು ಬಂದಳು, ಕೈ ಬಲು ಚುರುಕು.

ಒಂಬತ್ತನೆಯ ದಿನ ಎದುರು ಬೀದಿಯ ದರ್ಜಿಯಮ್ಮ ಒಂಟಿ ಓಲೆ ಹಿಡಿದು ಬಂದಳು. "ನಮ್ಮಮ್ಮನದು ಮೇಷ್ಟ್ರೇ. ಇನ್ನೊಂದು ಎಲ್ಲೋ ಬಿದ್ದುಹೋಯ್ತು. ಅಮ್ಮನೂ ಇಲ್ಲ ಈಗ. ಇದೇ ನೀಲಿ ಹುಡುಕಿ ಜೋಡಿ ಮಾಡ್ಕೊಡಿ."

ಮೇಷ್ಟ್ರು ಒಂದು ಗಂಟಿನ ಪೊಟ್ಟಣ ಬಿಚ್ಚಿದರು. ಅಳತೆ, ಸಾಣೆ, ಹೊಳಪು ಎಲ್ಲ ತಾಳೆ ನೋಡಿ ಒಂದು ಕಲ್ಲು ತೆಗೆದು ಓಲೆಯ ಪಕ್ಕ ಇಟ್ಟರು. "ಯಾವುದು ಹಳೇದು ಅಂತ ನಿಮ್ಮಮ್ಮನೇ ಬಂದ್ರೂ ಹೇಳೋಕಾಗಲ್ಲ!"

ದರ್ಜಿಯಮ್ಮ ನಕ್ಕಳು. ತಮಾಷೆಯೆಂದೇ ತಿಳಿದಳು. ಅವರು ನಗದಿದ್ದಾಗ ಅವಳ ನಗು ನಿಂತಿತು. "ಮೇಷ್ಟ್ರೇ, ಇದು ಹಸಿರಲ್ವಾ?"

"ಇಲ್ಲಿಯ ಬೆಳಕು ಸರಿಯಿಲ್ಲ" ಎಂದರು. ಅವಳು ಕಲ್ಲನ್ನು ಬಾಗಿಲ ಬಿಸಿಲಿಗೆ ಒಯ್ದು ನೋಡಿ, ವಾಪಸ್ಸು ತಂದು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಹಸಿರೇ."

ಒಳಗಿನಿಂದ ಹೊಸಬಳು, "ನಾನು ಎಲ್ಲಕ್ಕೂ ಒಂದೇ ಗಂಟು ಹಾಕಿರೋದು. ಬಿಚ್ಚೋಕೆ ಸುಲಭ ಅಂತ" ಎಂದಳು. ಯಾರೂ ಅವಳನ್ನು ಕೇಳಿರಲಿಲ್ಲ.

ಯಜಮಾನರು ಮೇಷ್ಟ್ರನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. "ನಿಮ್ಮ ಕಣ್ಣಿನ ವಿಷಯ ನನಗೆ ಮೊದಲೇ ಗೊತ್ತಿತ್ತು. ಗಂಟಕ್ಕನೇ ಬಂದು ಕೇಳ್ಕೊಂಡಿದ್ಲು. 'ಅವರನ್ನ ಮೇಜಿಂದ ಎಬ್ಬಿಸಬೇಡಿ, ನಾನು ಗಂಟು ಹಾಕಿ ಬಣ್ಣ ತಿಳಿಸ್ತೀನಿ, ಅವರಿಗೆ ಮಾತ್ರ ಹೇಳಬೇಡಿ' ಅಂತ. ಹೊಟ್ಟೇಲಿ ಹಾಕ್ಕೊಂಡೆ. ಈಗ ಏನ್ಮಾಡ್ಲಿ, ನೀವೇ ಹೇಳಿ."

ಮೇಷ್ಟ್ರು ಮೇಜು ಬಿಟ್ಟುಕೊಟ್ಟರು. ಕಣ್ಣು ಹೋದದ್ದಕ್ಕಿಂತ, ಅವಳನ್ನು 'ಪಾಪ' ಎಂದುಕೊಂಡಿದ್ದೆನಲ್ಲ ಎಂಬ ನಾಚಿಕೆ ಅವರನ್ನು ಹಿಂಡಿತು. ನೆನಪಿಗೆ ಒಂದು ಉಂಗುರ ಆರಿಸಿಕೊಳ್ಳಿ ಎಂದರು ಯಜಮಾನರು. ಟೂರ್ಮಲಿನ್ ಉಂಗುರಗಳ ತಟ್ಟೆಯಿಂದ, ಯಾರನ್ನೂ ಕೇಳದೆ, ಮೇಷ್ಟ್ರು ತಾವೇ ಒಂದನ್ನು ಎತ್ತಿಕೊಂಡರು.

ಮರುದಿನ ಬೆಳಗ್ಗೆ ಗಂಟಕ್ಕನ ಮನೆಗೆ ಹೋದರು. ಅವಳು ಕಿಟಕಿ ಪಕ್ಕದ ಮಂಚದ ಮೇಲೆ ದಿಂಬಿಗೊರಗಿದ್ದಳು. ಬಲಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮೇಷ್ಟ್ರ ಕೆಲಸ ಹೋದ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಮೇಷ್ಟ್ರು ಉಂಗುರವನ್ನು ಅವಳ ಎಡಗೈಯಲ್ಲಿಟ್ಟರು.

"ನಿಂಗೆ ನೀಲಿ ಒಪ್ಪುತ್ತೆ ಅಂತ ನಾನೇ ಆರಿಸ್ದೆ. ನೀಲೀನೇ ಅಲ್ವಾ?"

ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ನೀಲೀನೇ," ಎಂದಳು, ನಾಲಿಗೆ ತೊದಲುತ್ತಿತ್ತು. "ಒಳ್ಳೇ ನೀಲಿ. ನಿಮ್ಮ ಕಣ್ಣು ಎಲ್ಲಿಗೂ ಹೋಗಿಲ್ಲ, ಮೇಷ್ಟ್ರೇ."

ಮೇಷ್ಟ್ರ ಎದೆ ಹಗುರಾಯಿತು. ನಂಬಿದರು. ಪೂರ್ತಿ ನಂಬಿಬಿಟ್ಟರು.

ಅಷ್ಟರಲ್ಲಿ ಮಗಳು ಕಾಫಿ ಹಿಡಿದು ಬಂದಳು. "ಅಯ್ಯೋ ಅಮ್ಮಾ, ಯಾರು ತಂದಿದ್ದು? ಎಷ್ಟು ಚೆಂದದ ಹಸಿರು!"

ಗಂಟಕ್ಕ ಮಗಳ ಕಡೆ ತಿರುಗಿ ಗಂಟುಮೋರೆ ಹಾಕಿದಳು. ಅದು ಅರ್ಧ ಮುಖಕ್ಕೆ ಮಾತ್ರ ಬಂತು. ಮೇಷ್ಟ್ರ ಕಣ್ಣಿಗೆ ಅದು ಸ್ಪಷ್ಟವಾಗಿಯೇ ಕಾಣಿಸಿತು.