ಗಿರಿಜಮ್ಮ ಉಳಿಸಿದ ಐದು ಜೀವ

ಗಿರಿಜಾಂಬಿಕಾ ಅಂದರೆ ಊರಲ್ಲಿ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ, ಮೀನಿನ ಗಿರಿಜಮ್ಮ ಅನ್ನಬೇಕು. ಹೆಸರು ಕೇಳಿ ಯಾರೂ ತಪ್ಪು ತಿಳಿಯಬಾರದು. ಮೀನು ಹಾಗಿರಲಿ, ದಾರಿಯಲ್ಲಿ ಮೊಟ್ಟೆ ಸಿಪ್ಪೆ ಕಂಡರೂ ಸುತ್ತುಬಳಸಿ ಹೋಗುವ ಮನೆತನ ಅವರದು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಒಂದು ಸೇರು ಪುರಿಯನ್ನು ಸೆರಗಿಗೆ ಸುರಿದುಕೊಂಡು, ಈಶ್ವರನ ಗುಡಿಯ ಮುಂದಿನ ಕಲ್ಯಾಣಿಗೆ ಹೋಗಿ ಮೀನಿಗೆ ಎರಚುವುದು ಇಪ್ಪತ್ತು ವರ್ಷದ ವಾಡಿಕೆ. ಹೆಸರು ಅಲ್ಲಿಂದ ಬಂದದ್ದು.

ಮೀನು ಅಂದರೆ ಎಂಥ ಮೀನು! ಬೆರಳುದ್ದದವು, ಗೇಣುದ್ದದವು, ಬೆಳ್ಳಿ ಬಣ್ಣದ ಗೆಂಡೆಗಳು. ಗಿರಿಜಮ್ಮ ಕೆಳಗಿನ ಮೆಟ್ಟಿಲು ಮುಟ್ಟಿದರೆ ಸಾಕು, ನೀರು ಕುದಿ ಬಂದಂತೆ ಮೇಲೇಳುತ್ತಿದ್ದವು. ಎರಡು ಆಮೆಗಳೂ ಇದ್ದವು. ಮೈಮೇಲೆ ನರಹುಲಿ ಎದ್ದವರು ತೆಂಗಿನ ತೋಟಗಳನ್ನು ದಾಟಿ ದೂರದೂರದಿಂದ ಬಂದು ಉಪ್ಪು ಬೆಲ್ಲ ಹಾಕಿ ಹೋಗುತ್ತಿದ್ದರು. ಅದನ್ನು ಮೀನುಗಳು ತಿಂದರೆ ನರಹುಲಿ ಉದುರುತ್ತದೆ ಅನ್ನುವುದು ನಂಬಿಕೆ. ಉದುರುತ್ತಿತ್ತೋ ಬಿಡುತ್ತಿತ್ತೋ, ಮೀನಿಗಂತೂ ಬೆಲ್ಲಕ್ಕೆ ಬರವಿರಲಿಲ್ಲ.

ಎರಡು ವರ್ಷದ ಹಿಂದೆ ಗಿರಿಜಮ್ಮ ಹುಣಸೆಹಣ್ಣು ತರಲು ಹುಳಿಯಾರು ಸಂತೆಗೆ ಹೋಗಿದ್ದರು. ಮೀನು ಮಾರುವ ಸಾಲು ಎದುರಾದಾಗ ಮೂಗಿಗೆ ಸೆರಗು ಒತ್ತಿಕೊಂಡು ಬಿರಬಿರನೆ ನಡೆದರು. ಅಷ್ಟರಲ್ಲಿ ನೀಲಿ ಡ್ರಮ್ಮಿನಿಂದ ಉದ್ದ ಮೀಸೆಯ ಒಂದು ಕರೀ ಮೀನು ಚಂಗನೆ ಹೊರಗೆ ನೆಗೆದು, ಧೂಳಿನಲ್ಲಿ ತೆವಳುತ್ತಾ ತೆವಳುತ್ತಾ ಅವರ ಪಾದದ ಹತ್ತಿರಕ್ಕೇ ಬಂತು. ಸತ್ತ ಮೀನನ್ನೇ ನೆಟ್ಟಗೆ ನೋಡಿರದ ಹೆಂಗಸಿನ ಮುಂದೆ ಬದುಕಿದ ಮೀನು ನೆಲದ ಮೇಲೆ ನಡೆದು ಬಂದರೆ ಎದೆ ಏನಾಗಬೇಡ? ಶರಣು ಬಂದಿದೆ ಅನ್ನಿಸಿತು ಗಿರಿಜಮ್ಮನಿಗೆ. ಕಣ್ಣಲ್ಲಿ ನೀರು ಬಂತು.

"ಕೊಯ್ದು ಕೊಡ್ಲಾ ಅಮ್ಮಾ?" ಅಂದ ಮಾರುವವನು.

"ಕೊಯ್ದೀಯ, ಹುಷಾರ್! ಹಂಗೇ ಕೊಡಪ್ಪ. ಒಳಗಿರೋ ನಾಲ್ಕನ್ನೂ ಕೊಡು."

ಅವನು ನಕ್ಕು ಇನ್ನೇನೋ ಹೇಳಿದ. ಗಿರಿಜಮ್ಮ ಆಗಲೇ ಮುಖ ತಿರುಗಿಸಿದ್ದರು. ಹೊಸ ಬಕೆಟ್ಟಿನಲ್ಲಿ ಐದು ಮೀನನ್ನು ಹಾಕಿಸಿಕೊಂಡು, ಮೇಲೆ ಟವೆಲ್ ಮುಚ್ಚಿ, ಆಟೋದಲ್ಲಿ ಊರಿಗೆ ಬಂದು, ಗುಡಿ ಬಾಗಿಲು ಹಾಕಿದ್ದ ಉರಿಬಿಸಿಲಲ್ಲಿ ಕಲ್ಯಾಣಿಗೆ ಬಿಟ್ಟರು. ಗಂಡ ಮಲ್ಲಿಕಾರ್ಜುನಯ್ಯನಿಗೂ ಹೇಳಲಿಲ್ಲ. ಅವರು ಗುಡಿ ಕಮಿಟಿಯ ಅಧ್ಯಕ್ಷರು. ಮೀನು ಮುಟ್ಟಿದ್ದಕ್ಕೆ ಏನನ್ನುತ್ತಾರೋ ಅನ್ನುವ ಅಳುಕು ಒಂದು. ಮಾಡಿದ ಪುಣ್ಯವನ್ನು ಬಾಯಿಬಿಟ್ಟು ಹೇಳಿದರೆ ಕರಗಿಹೋಗುತ್ತದೆ ಅನ್ನುವ ಲೆಕ್ಕಾಚಾರ ಇನ್ನೊಂದು. ಆ ರಾತ್ರಿ ಅವರಿಗೆ ಒಳ್ಳೆಯ ನಿದ್ದೆ ಬಂತು.

ವರ್ಷ ಕಳೆಯುವಷ್ಟರಲ್ಲಿ ಮೀನು ಕಡಿಮೆಯಾದವು. ಹಾಕಿದ ಪುರಿ ಸಂಜೆಯವರೆಗೂ ನೀರಿನ ಮೇಲೆ ತೇಲುತ್ತಿತ್ತು. ಮಳೆ ಬಿದ್ದರೂ ಕಪ್ಪೆ ವಟಗುಟ್ಟಲಿಲ್ಲ. ಗಿರಿಜಮ್ಮನಿಗೆ ಹೊಟ್ಟೆ ಉರಿಯಿತು. ಮೂಲೆಯಲ್ಲಿ ಬಟ್ಟೆ ಒಗೆಯುತ್ತಿದ್ದ ರಂಗಕ್ಕನ ಮೇಲೆ ಒಂದು ದಿನ ಹರಿಹಾಯ್ದರು. "ನಿನ್ ಸೋಪಿನ ಪುಡಿಗೆ ದೇವ್ರ ಮೀನೆಲ್ಲ ಸಾಯ್ತಾ ಅವೆ ಕಣೇ! ಗಂಟು ಎತ್ತು ಇಲ್ಲಿಂದ!" ರಂಗಕ್ಕ ಗಂಟು ಹೊತ್ತು ಬೋರ್‌ವೆಲ್ ತೊಟ್ಟಿಗೆ ಹೋದಳು. ಮತ್ತೆ ಕಲ್ಯಾಣಿಯ ಕಡೆ ಬರಲಿಲ್ಲ.

ಈ ಬೇಸಿಗೆಯಲ್ಲಿ ಕಮಿಟಿಯವರು ಹೂಳು ಎತ್ತಿಸಲು ನಿಂತರು. ಹುಳಿಯಾರಿನ ಮೆಕ್ಯಾನಿಕ್ ಇಮ್ದಾದ್ ಡೀಸೆಲ್ ಪಂಪು ತಂದು ಬೆಳಗಿನಿಂದ ನೀರು ಎತ್ತತೊಡಗಿದ. ದೇವರ ಮೀನುಗಳನ್ನು ಡ್ರಮ್ಮಿಗೆ ತುಂಬಿ ಊರ ಕೆರೆಗೆ ಬಿಡಲು ಮಲ್ಲಿಕಾರ್ಜುನಯ್ಯನ ತಮ್ಮನ ಮಗ ಜ್ಞಾನೇಶ ಟ್ರ್ಯಾಕ್ಟರ್ ತಂದ. ಊರೇ ಬಂದು ಮೆಟ್ಟಿಲ ಮೇಲೆ ಕೂತಿತು.

ನೀರು ಮೊಣಕಾಲುದ್ದಕ್ಕೆ ಇಳಿಯಿತು. ಒಂದು ಬೆಳ್ಳಿ ಮೀನೂ ಕಾಣಲಿಲ್ಲ. ಕೆಸರಿನ ಮೇಲೆ ರೂಪಾಯಿ ಬಿಲ್ಲೆಯಗಲದ ಆಮೆಮರಿಯ ಖಾಲಿ ಚಿಪ್ಪೊಂದು ಬಿದ್ದಿತ್ತು. ಆಮೇಲೆ ಕೆಸರೇ ಅಲುಗಾಡಿತು. ಮಗ್ಗುಲು ಬದಲಿಸಿತು. ಮೊಳಕ್ಕೂ ಮೀರಿ ಉದ್ದದ, ತೊಡೆ ಗಾತ್ರದ ಮೀನುಗಳು ಒಂದರ ಮೇಲೊಂದು ಹೊರಳಾಡತೊಡಗಿದವು. ಕರೀ ಮೈ, ಚಪ್ಪಟೆ ತಲೆ, ಬಾಯಿಯ ಸುತ್ತ ಉದ್ದುದ್ದ ಮೀಸೆ. ಐದಲ್ಲ, ನಲವತ್ತರ ಹತ್ತಿರ. ಆ ಮೀಸೆಯನ್ನು ಗಿರಿಜಮ್ಮ ಮರೆತಿರಲಿಲ್ಲ.

ಜನಕ್ಕೆ ಸಡಗರವೋ ಸಡಗರ. ಮಲ್ಲಿಕಾರ್ಜುನಯ್ಯ ಹೆಂಡತಿಯ ಕಡೆ ತಿರುಗಿ ಹೆಮ್ಮೆಯಿಂದ ಅಂದರು: "ನೋಡೇ, ಇಪ್ಪತ್ತು ವರ್ಷ ನೀನು ಪುರಿ ಹಾಕಿದ್ದು ಸುಮ್ನೆ ಹೋಗ್ಲಿಲ್ಲ ಕಣೇ!"

ಇಮ್ದಾದ್ ಪಂಪು ನಿಲ್ಲಿಸಿ ಮೇಲೆ ಬಂದ. "ಯಜಮಾನ್ರೇ, ಇವು ದೇವ್ರ ಮೀನಲ್ಲ. ಕ್ಯಾಟ್‌ಫಿಶ್ ಅಂತಾರೆ, ಆಫ್ರಿಕಾದ್ದು. ಇದನ್ನ ಸಾಕೋದ್ನೇ ಸರ್ಕಾರ ಬೇಡ ಅಂದೈತೆ. ನಿಮ್ಮ ಮೀನು, ಕಪ್ಪೆ, ಆಮೆಮರಿ ಎಲ್ಲ ತಿಂದಿರೋದು ಇವೇಯ. ಕೆರೆಗೆ ಬುಟ್ರೆ ಕೆರೆನೂ ಖಾಲಿ. ಕೋಡಿ ಬಿದ್ರೆ ಬೋರನಕಣಿವೆ ಡ್ಯಾಮಿನ ತನಕ ಹೋಯ್ತವೆ. ಇಲ್ಲೇ ಕೊಂದುಬುಡ್ಬೇಕು."

"ಇಮ್ದಾದಣ್ಣಂಗೆ ಬಾಯಲ್ಲಿ ನೀರೂರ್ತೈತೆ ಕಣ್ರಪ್ಪ!" ಅಂದ ಜ್ಞಾನೇಶ. ಮೆಟ್ಟಿಲೆಲ್ಲ ನಕ್ಕಿತು.

"ನಾನು ಒಂದೂ ಒಯ್ಯಲ್ಲ. ಗುಂಡಿ ತೆಗ್ದು ಹೂತಾಕಿ," ಅಂದ ಇಮ್ದಾದ್. ಅವನೊಬ್ಬ ನಗುತ್ತಿರಲಿಲ್ಲ.

"ಶಿವನ ಮುಂದೆ ಜೀವ ತೆಗೆಯೋ ಮಾತು ಬೇಡಪ್ಪ," ಅಂದರು ಮಲ್ಲಿಕಾರ್ಜುನಯ್ಯ. "ನಮ್ಮ ಕೊಳದಲ್ಲಿ ಬೆಳೆದವು. ಬದುಕ್ಕೊಳ್ಳಲಿ."

ಅಲ್ಲಿ ಕೂತಿದ್ದ ಅಷ್ಟು ಜನರಲ್ಲಿ ಮೀನು ಬಲ್ಲವನು ಇಮ್ದಾದ್ ಒಬ್ಬನೇ. ತಿನ್ನುವವನು ಅನ್ನುವ ಒಂದೇ ಕಾರಣಕ್ಕೆ ಅವನ ಮಾತಿಗೆ ಕಾಸಿನ ಕಿಮ್ಮತ್ತಿರಲಿಲ್ಲ. ಅವನು ಹೇಳಿದ್ದು ಅಕ್ಷರಶಃ ನಿಜ ಅಂತ ಗೊತ್ತಿದ್ದ ಇನ್ನೊಂದು ಜೀವ ಗಿರಿಜಮ್ಮ. ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಎದುರು ಮೆಟ್ಟಿಲಲ್ಲೇ ರಂಗಕ್ಕ ಕೂತಿದ್ದಳು. ನಾಲ್ಕು ಜನರ ಮುಂದೆ ಅವಳನ್ನು ಎಬ್ಬಿಸಿ ಕಳಿಸಿದ್ದು ನೆನಪಾಗಿ ಗಿರಿಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಇಪ್ಪತ್ತು ವರ್ಷದ ಹೆಸರು ಒಂದು ಗಳಿಗೆಯಲ್ಲಿ ಮಣ್ಣುಪಾಲಾಗುವುದು ಯಾರಿಗೆ ಬೇಕು? ಈಗ ಹೇಳೋಣ, ಇನ್ನೊಂದು ನಿಮಿಷ ಬಿಟ್ಟು ಹೇಳೋಣ ಅನ್ನುತ್ತಲೇ ಇದ್ದರು. ಹುಡುಗರು ಗೋಣಿಚೀಲದಲ್ಲಿ ಹಿಡಿದು ಹಿಡಿದು ಎರಡು ಡ್ರಮ್ಮು ತುಂಬಿದರು. ಟ್ರ್ಯಾಕ್ಟರ್ ಸದ್ದು ಮಾಡುತ್ತಾ ಕೆರೆಯ ದಾರಿ ಹಿಡಿಯಿತು.

ಉಳಿದ ಮೀನುಗಳನ್ನು ಎರಡನೇ ಸಲಕ್ಕೆಂದು ದೊಡ್ಡ ಟಬ್ಬಿಗೆ ಹಾಕಿ ಗಿರಿಜಮ್ಮನ ಪಕ್ಕದಲ್ಲೇ ಇಟ್ಟರು. ಅದರಲ್ಲೊಂದು ಬಾಯಿ ಅಗಲಿಸಿ ಏನನ್ನೋ ಕಕ್ಕಿತು. ನೀರುಕೋಳಿ ಮರಿಯ ಕಾಲು. ಬೆರಳುಗಳು ಇನ್ನೂ ಹಸಿಯಾಗಿದ್ದವು. ಗಿರಿಜಮ್ಮ ಎದ್ದು ನಿಂತು ಕಿರುಚಿದರು.

"ಬ್ಯಾಡ! ಕೆರೆಗೆ ಬಿಡಬ್ಯಾಡಿ! ನಾನೇ ಇವನ್ನ ತಂದಿದ್ದು. ಸಂತೆಯಿಂದ ಐದು ಮೀನು ತಂದು ನಾನೇ ಬಿಟ್ಟಿದ್ದು. ಸಾಯ್ತಾ ಅವೆ, ಪಾಪ ಅಂತಾನೇ ಬಿಟ್ಟಿದ್ದು ಕಣ್ರೀ. ಎಲ್ಲಾನೂ ತಿಂದುಬಿಟ್ವು. ಇಮ್ದಾದ್ ಹೇಳಿದ್ದು ನಿಜ."

ಮಲ್ಲಿಕಾರ್ಜುನಯ್ಯ ಟಬ್ಬನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು. ರಂಗಕ್ಕ ಮೆಲ್ಲಗೆ ಅಂದಳು: "ಹಂಗಾದ್ರೆ ನನ್ ಸೋಪಲ್ಲ."

"ಅಲ್ಲ ರಂಗಕ್ಕ," ಅಂದರು ಗಿರಿಜಮ್ಮ. ಅವಳ ಮುಖ ನೋಡಲು ಅವರಿಂದ ಆಗಲಿಲ್ಲ.

"ಮೊದ್ಲು ಫೋನ್ ಮಾಡ್ರಿ, ಟ್ರ್ಯಾಕ್ಟರ್ ನಿಲ್ಸಿ!" ಅಂತ ಇಮ್ದಾದ್ ಕೂಗಿಕೊಂಡ.

ಮಲ್ಲಿಕಾರ್ಜುನಯ್ಯ ಜ್ಞಾನೇಶನ ನಂಬರ್ ಒತ್ತಿ ಸ್ಪೀಕರ್ ಹಾಕಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದರು. ಗಿರಿಜಮ್ಮ ಫೋನನ್ನೇ ನೋಡುತ್ತಾ ಎರಡೂ ಕೈ ಮುಗಿದು ನಿಂತಿದ್ದರು. ಈ ಸಲ ಎತ್ತಿದ. ಹಿಂದೆ ಕೆರೆಯ ಗಾಳಿ ಜೋರಾಗಿ ಬೀಸುವ ಸದ್ದು ಕೇಳುತ್ತಿತ್ತು.

"ಹಲೋ ದೊಡ್ಡಪ್ಪ? ಆಯ್ತು, ಎಲ್ಲಾನೂ ಬುಟ್ಟೆ. ಹದಿನೆಂಟಕ್ಕೆ ಹದಿನೆಂಟೂ ಬದುಕವೆ, ಒಂದೂ ಸಾಯ್ಲಿಲ್ಲ. ದೊಡ್ಡಮ್ಮಂಗೆ ಹೇಳಿ, ಖುಷಿ ಪಡ್ತಾರೆ."