ಬಿಳಿ ಬಣ್ಣದ ಕೆಳಗೆ

ಮೇಸ್ತ್ರಿಯ ಗ್ಯಾರೇಜಿಗೆ ನೀಲಿ ಗಾಡಿ ಬಂತೆಂದರೆ ಸಾಕು, ಎದುರು ಮನೆಯ ಟೈಲರಮ್ಮ ಹೊಲಿಗೆ ಮೆಷಿನ್ ನಿಲ್ಲಿಸಿ ಎದ್ದು ಬರುತ್ತಿದ್ದಳು. ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಬಗ್ಗಿ ಬಂಪರ್ ನೋಡುವಳು, ದೀಪ ನೋಡುವಳು, ಬಾನೆಟ್ಟನ್ನು ಒಮ್ಮೆ ಕೈಯಿಂದ ಸವರಿ ಹೊರಟುಹೋಗುವಳು. ಆರು ವರ್ಷದಿಂದ ಇದೇ ಆಗಿತ್ತು. ಗಿರಾಕಿಗಳು "ಏನಾಗಿದೆ ಈಯಮ್ಮನಿಗೆ?" ಎಂದು ಕೇಳಿದರೆ ಮೇಸ್ತ್ರಿ "ಮಗಳು ಹೋದ್ಲು" ಎಂದಷ್ಟೇ ಹೇಳಿ ಬಣ್ಣ ಕಲೆಸುವುದಕ್ಕೆ ತಿರುಗುತ್ತಿದ್ದ.

ಆ ಹುಡುಗಿ ನೂಲಿನ ಕಾರ್ಖಾನೆಯಿಂದ ಸಂಜೆ ನಡೆದು ಬರುತ್ತಿದ್ದಾಗ ಒಂದು ವ್ಯಾನು ಗುದ್ದಿತ್ತು. ಓಡಿಸುತ್ತಿದ್ದವನು ಇಳಿದು, ಇನ್ನೂ ಉಸಿರಾಡುತ್ತಿದ್ದವಳನ್ನು ಎಳೆದು ಮೋರಿಗೆ ಹಾಕಿ ಹೋಗಿದ್ದ. ದೂರದಿಂದ ಕಂಡವನೊಬ್ಬ ಹೇಳಿದ್ದು ಇಷ್ಟೇ: ವ್ಯಾನು ನೀಲಿ. "ಸ್ವಲ್ಪ ಬೇಗ ತಂದಿದ್ದರೆ ಉಳೀತಿದ್ಲು" ಎಂದು ಡಾಕ್ಟರು ಅಂದ ಮಾತು ಟೈಲರಮ್ಮನ ಕಿವಿಯಿಂದ ಇನ್ನೂ ಇಳಿದಿಲ್ಲ. ಪೊಲೀಸರು ಗ್ಯಾರೇಜುಗಳನ್ನೆಲ್ಲ ವಿಚಾರಿಸಿದರು. ಸುಳಿವು ಸಿಗಲಿಲ್ಲ. ಕೇಸು ಮೂಲೆ ಸೇರಿತು.

ಒಂದು ಮಧ್ಯಾಹ್ನ ಠಾಣೆಗೆ ಹೊಸದಾಗಿ ಬಂದ ಮಹಿಳಾ ಕಾನ್‌ಸ್ಟೇಬಲ್ ಒಬ್ಬರು ಗ್ಯಾರೇಜಿನ ಗೋಡೆಗೆ ಪೋಸ್ಟರ್ ಅಂಟಿಸುತ್ತಿದ್ದರು. ಅರ್ಧ ಅಂಟಿತ್ತು, ಅರ್ಧ ಬೋಂಡದ ಹಾಗೆ ಉಬ್ಬಿತ್ತು. ಮೇಸ್ತ್ರಿಗೆ ನೋಡಲಾಗಲಿಲ್ಲ.

"ಹೀಗೆ ಅಂಟಿಸಿದ್ರೆ ನಾಳೆಗೇ ಗಾಳಿಪಟ ಆಗುತ್ತೆ ಮೇಡಂ. ಕೊಡಿ ಇಲ್ಲಿ."

ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಒತ್ತುತ್ತಾ ಬಂದ. ಅಂಗೈ ಸರಿದಾಗ ಕಂಡದ್ದು ಟೈಲರಮ್ಮನ ಮಗಳ ಮುಖ.

"ಹಳೇ ಕೇಸು ಮತ್ತೆ ತೆಗೆದಿದ್ದೀವಿ," ಎಂದರು ಕಾನ್‌ಸ್ಟೇಬಲ್.

"ಇನ್ನೇನು ಸಿಗುತ್ತೆ ಮೇಡಂ? ಆಗ್ಲೇ ಬಂದು ಕೇಳಿದ್ರಲ್ಲ, ನೀಲಿ ವ್ಯಾನು ಬಂದಿತ್ತಾ ಅಂತ. ಬಂದಿರಲಿಲ್ಲ. ಇಲ್ಲ ಅಂದೆ."

"ನೀಲಿಯಾಗೇ ಬರಬೇಕು ಅಂತೇನಿದೆ ಅಣ್ಣಾ? ಬೇರೆ ಬಣ್ಣ ಬಳ್ಕೊಂಡು ಬಂದಿರಬಹುದಲ್ಲ."

ಮೇಸ್ತ್ರಿಯ ಕೈ ಅಲ್ಲೇ ನಿಂತಿತು.

ಬಣ್ಣ ಹೊಡೆಯುವವರ ಲೆಕ್ಕವೇ ಬೇರೆ. ಗಾಡಿ ಯಾವ ಬಣ್ಣದಲ್ಲಿ ಬಾಗಿಲೊಳಗೆ ಬಂತೋ ಅದೇ ಅದರ ಬಣ್ಣ. ಹೊಸ ಬಣ್ಣಕ್ಕೆ ಮುಂಚೆ ಹಳೆಯದನ್ನು ತಿಕ್ಕಿದರೆ ಕೆಳಗೆ ಹಸಿರೋ ಕೆಂಪೋ ಕಂಡೇ ಕಾಣುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಗಂಡಸಿನ ಸಂಬಳ ಕೇಳಿದಷ್ಟೇ ಅದು ತಪ್ಪು. ಹುಡುಗಿ ಸತ್ತ ತಿಂಗಳಲ್ಲೇ ಅಪರಿಚಿತನೊಬ್ಬ ಒಂದು ಬಿಳಿ ವ್ಯಾನು ತಂದಿದ್ದ. ಗೋಡೆಗೆ ಸುಣ್ಣ ಬಳಿದ ಹಾಗೆ ಬ್ರಶ್ಶಿನಲ್ಲಿ ಬಳಿದ ಬಿಳಿ. ತಿಕ್ಕಿದಾಗ ಕೆಳಗೆ ನೀಲಿ ಇತ್ತು. ಬಾನೆಟ್ಟಿನ ಮೂಲೆ ತಗ್ಗಾಗಿತ್ತು. ಮೇಸ್ತ್ರಿ ತಗ್ಗು ತುಂಬಿ, ಅಂದವಾಗಿ ಬಿಳಿ ಹೊಡೆದು ಕಳಿಸಿದ್ದ. ಆಮೇಲೆ ಪೊಲೀಸರು ಬಂದು ನೀಲಿ ವ್ಯಾನು ಕೇಳಿದರು, ಇವನು ಇಲ್ಲ ಎಂದ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆದರೆ ಅದು ನಿಜವೂ ಆಗಿರಲಿಲ್ಲ.

ಆ ಅಪರಿಚಿತ ಈಗ ಅಪರಿಚಿತನಲ್ಲ. ಅದೇ ವ್ಯಾನಿನಲ್ಲಿ ವರ್ಷಗಳಿಂದ ಈ ಬೀದಿಗೆ ಕುಡಿಯುವ ನೀರಿನ ಕ್ಯಾನ್ ಹಾಕುತ್ತಿದ್ದಾನೆ.

"ಮೇಡಂ, ಒಬ್ಬನಿಗೆ ಏನೋ ಗೊತ್ತಿದೆ ಅಂತಿಟ್ಕೊಳ್ಳಿ. ಆದ್ರೆ ಖಚಿತವಿಲ್ಲ."

"ಖಚಿತ ಮಾಡ್ಕೊಳ್ಳೋದು ನಮ್ಮ ಕೆಲಸ. ಇವನೇ ಮಾಡಿದ ಅಂತ ಅವನು ಹೇಳಬೇಕಾಗಿಲ್ಲ. ಕಂಡಿದ್ದನ್ನ ಕಂಡಷ್ಟು ಹೇಳಿದ್ರೆ ಸಾಕು."

"ಹೆಸರು?"

"ಪೋಸ್ಟರಿನ ಕೆಳಗಿರೋ ಈ ನಂಬರಿಗೆ ಫೋನ್ ಮಾಡಿದೋರ ಹೆಸರು ಕೇಳಲ್ಲ."

"ಇಷ್ಟು ವರ್ಷ ಆದಮೇಲೆ ಏನು ಉಳಿದಿರುತ್ತೆ ಮೇಡಂ?"

"ಹುಡುಗಿ ಚೀಲದ ಬಕಲ್‌ಗೆ ಹತ್ತಿದ್ದ ನೀಲಿ ಬಣ್ಣದ ಚೂರು ಇನ್ನೂ ನಮ್ಮ ಹತ್ರ ಇದೆ. ಹೋಲಿಸಿ ನೋಡೋಕೆ ಗಾಡಿ ಇಲ್ಲ, ಅಷ್ಟೆ."

ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದ. ಅವಳು ಬಡಿಸುವುದನ್ನೇ ನಿಲ್ಲಿಸಿದಳು.

"ಇಲ್ಲದ ಉಸಾಬರಿ ಬೇಡ ರೀ. ಅವನಲ್ಲ ಅಂತಾದ್ರೆ ಮುಖ ಎಲ್ಲಿಟ್ಕೋತೀರಿ? ಅವನೇ ಅಂತಾದ್ರೆ ನಮ್ಮನ್ನ ಸುಮ್ನೆ ಬಿಡ್ತಾನಾ? ನಮ್ಮ ಮಗಳು ದಿನಾ ಅದೇ ದಾರೀಲಿ ಕಾಲೇಜಿಗೆ ಹೋಗೋಳು."

"ಅದೇ ದಾರೀಲಿ ಅವನೂ ವ್ಯಾನ್ ಓಡಿಸ್ತಾನೆ ಕಣೇ."

ಅವಳು ಪಾತ್ರೆಗಳನ್ನು ಮುಚ್ಚಿಟ್ಟಳು. ಅವನು ಅರ್ಧ ಊಟಕ್ಕೇ ಎದ್ದ.

ಮರುದಿನ ಬೆಳಗ್ಗೆ ಅವಳು ಗ್ಯಾರೇಜಿನ ಪಕ್ಕದಲ್ಲೇ ಇದ್ದ ತಮ್ಮ ಮನೆಯ ಬಾಗಿಲು ಗುಡಿಸುತ್ತಿದ್ದಾಗ ವ್ಯಾನು ಎದುರು ಮನೆಯ ಮುಂದೆ ನಿಂತಿತು. ನೀರಿನವನು ಕ್ಯಾನ್ ಹೆಗಲಿಗೇರಿಸಿದ. ಟೈಲರಮ್ಮ ಬಾಗಿಲು ಹಿಡಿದುಕೊಂಡು ನಿಂತಳು. ವ್ಯಾನಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬಿಳಿ ಗಾಡಿಯಲ್ಲಿ ಅವಳಿಗೆ ನೋಡುವುದೇನಿದೆ?

"ನಿಧಾನ ಕಣಪ್ಪಾ," ಎಂದಳು. "ಕಾಲ ಮೇಲೆ ಹಾಕ್ಕೊಂಡೀಯ."

ಮೇಸ್ತ್ರಿಯ ಹೆಂಡತಿ ಪೊರಕೆ ಅಲ್ಲೇ ಬಿಟ್ಟು ಒಳಗೆ ಬಂದಳು. ಗಂಡನ ಫೋನನ್ನು ತಾನೇ ತಂದು ಅವನ ಕೈಗಿಟ್ಟಳು.

"ಮಾಡಿ. ಇವತ್ತೇ ಮಾಡಿ. ನನ್ನ ಕಣ್ಣಲ್ಲಿ ಇನ್ನೊಂದ್ಸಲ ಇದನ್ನ ನೋಡೋಕಾಗಲ್ಲ."

ಆ ಕಡೆಯವರು ಹೆಸರು ಕೇಳಲಿಲ್ಲ. ಮೇಸ್ತ್ರಿ ನೀರಿನ ಕ್ಯಾನ್ ಹಾಕುವ ವ್ಯಾನು, ಅದರ ಬಿಳಿ ಬಣ್ಣ, ಬಿಳಿಯ ಕೆಳಗಿನ ನೀಲಿ, ಬಾನೆಟ್ಟಿನ ತಗ್ಗು, ಇವಿಷ್ಟನ್ನೇ ಹೇಳಿದ. ಒಂದು ಮಾತೂ ಹೆಚ್ಚಿಗೆ ಸೇರಿಸಲಿಲ್ಲ. ಪೊಲೀಸರು ವ್ಯಾನು ಒಯ್ದು ಬಿಳಿ ಕೆರೆದರು. ಕೆಳಗಿನ ನೀಲಿಗೂ ಬಕಲ್ಲಿನ ಚೂರಿಗೂ ತಾಳೆಯಾಯಿತು. ನೀರಿನವನು ಮೊದಲು ಹಾರಾಡಿದ, ಆಮೇಲೆ ಅತ್ತ, ಕೊನೆಗೆ ಒಪ್ಪಿಕೊಂಡ.

ಅವನನ್ನು ಕರೆದೊಯ್ದ ವಾರ ಗ್ಯಾರೇಜಿನಲ್ಲಿ ಒಂದು ನೀಲಿ ಕಾರು ನಿಂತಿತ್ತು. ಟೈಲರಮ್ಮ ಬಂದಳು. ಆದರೆ ಕಾರಿನ ಹತ್ತಿರ ಹೋಗಲಿಲ್ಲ, ನೇರ ಮೇಸ್ತ್ರಿಯ ಮುಂದೆ ನಿಂತಳು. ಅವನ ಹೆಂಡತಿಯೂ ಅಲ್ಲೇ ಇದ್ದಳು.

"ಯಾರೋ ಹೇಳಿದ್ರಂತೆ ಮೇಸ್ತ್ರಿ. ಹೆಸರು ಗೊತ್ತಿಲ್ಲ ಅಂದ್ರು ಪೊಲೀಸಿನೋರು. ಅವರ ಹೊಟ್ಟೆ ತಣ್ಣಗಿರಲಿ."

ಹೊರಡಲು ತಿರುಗಿದವಳು ನಿಂತು ಹೇಳಿದಳು: "ಇಷ್ಟು ವರ್ಷ ಅವನ ಕೈಯಿಂದ್ಲೇ ನೀರು ಕುಡಿದೆನಲ್ಲ. ಒಂಚೂರು ಮುಂಚೆ ಹೇಳಬಾರದಿತ್ತಾ ಅವರು?"

ಮೇಸ್ತ್ರಿ ತಲೆ ತಗ್ಗಿಸಿ ನಿಂತ. ಹೆಂಡತಿ ಹೋಗಿ ಟೈಲರಮ್ಮನ ಕೈ ಹಿಡಿದುಕೊಂಡಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಈಗ ನಿಮ್ಮ ಮಾತು. ನಿಮ್ಮ ಕಣ್ಣಿಗೂ ಯಾವತ್ತೋ ಏನೋ ಬಿದ್ದಿರಬಹುದು. ಅದು ಸಣ್ಣದು, ಹಳೆಯದು, ನಮಗೇಕೆ ಬೇಕು ಎಂದು ಬಿಟ್ಟಿರಬಹುದು. ಸಣ್ಣದೋ ದೊಡ್ಡದೋ ಎಂದು ತೂಗುವ ಕೆಲಸ ನಿಮ್ಮದಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಕಾಣದ್ದನ್ನು ಸೇರಿಸಬೇಡಿ, ಕಂಡದ್ದನ್ನು ಬಿಡಬೇಡಿ. ಠಾಣೆಗೆ ಹೋಗಿ ಹೇಳಿ, ಹೆದರಿಕೆಯಾದರೆ ಹೆಸರು ಹೇಳದೆ ಫೋನಿನಲ್ಲಿ ಹೇಳಿ. ಯಾವುದೋ ಬೀದಿಯಲ್ಲಿ ಒಬ್ಬ ತಾಯಿ ಇನ್ನೂ ತಪ್ಪು ಬಣ್ಣದ ಗಾಡಿಗಳನ್ನು ಸವರಿ ನೋಡುತ್ತಿದ್ದಾಳೆ. ಅವಳನ್ನು ನಾಳೆಯವರೆಗೆ ಕಾಯಿಸಬೇಡಿ.